ಗೋಪಾಲಸ್ವಾಮಿ ಬೆಟ್ಟದ ದಾರಿಯ ಸಹಯಾತ್ರಿಕರು

ತೀರ್ಥಯಾತ್ರೆಯ ಫಲ, ಕ್ಷೇತ್ರಮಹಿಮೆ, ಸ್ನಾನಸಂಕಲ್ಪಾದಿಗಳ ವಿಧಿ ಇವುಗಳನ್ನು ಕುರಿತು ನಮ್ಮ ಸಂಚಿಕೆಗಳಲ್ಲಿ ವಿದ್ವಾಂಸರು ಆಗಿಂದಾಗ್ಗೆ ಬರೆಯುತ್ತ ಬಂದಿದ್ದಾರೆ. ಯಾತ್ರೆಯ ಇನ್ನೊಂದು ಅಂಗದ ವಿಷಯವಾಗಿ ಮಾತ್ರ ಯಾರೂ ವಿಸ್ತಾರವಾಗಿ ಬರೆದುದನ್ನು ನಾನು ಕಾಣೆ. ದಾರಿಯಲ್ಲಿ ಅಕಸ್ಮಾತ್ತಾಗಿ ಜೊತೆಗೂಡಿ, ಎರಡು ದಿನವೋ ಇಪ್ಪತ್ತು ದಿನವೋ ನಮ್ಮೊಡನೆ ಹೆಜ್ಜೆಹಾಕಿ, ಅನಂತರ ತಮ್ಮ ಊರಿನ ಕವಲುದಾರಿಯಲ್ಲಿ ಕೈಮುಗಿದು ಹೊರಟುಹೋಗುವ ಸಹಯಾತ್ರಿಕರ ವಿಷಯವದು. ಶ್ರಾವಣಮಾಸವು ಸಮೀಪಿಸುತ್ತಿರುವಾಗ, ಹಿಂದೆ ನಂಜನಗೂಡಿನಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕಾಲ್ನಡೆಯಲ್ಲಿ ಹೋದ ದಿನಗಳು ನೆನಪಿಗೆ ಬರುತ್ತಿವೆ. ನಮ್ಮ ಗ್ರಂಥಗಳು ಸಹಯಾತ್ರಿಕನ ವಿಷಯದಲ್ಲಿ ಏನು ಹೇಳಿವೆಯೆಂಬುದನ್ನೂ, ನನಗೆ ಲಭಿಸಿದ ಸಹಯಾತ್ರಿಕರ ಸಂಗತಿಯನ್ನೂ ಸೇರಿಸಿ ವಾಚಕರ ಮುಂದಿಡುತ್ತಿದ್ದೇನೆ.

ಮಹಾಭಾರತದ ವನಪರ್ವದಲ್ಲಿ ಯಕ್ಷನು ಧರ್ಮರಾಜನನ್ನು ಕೇಳಿದ ಪ್ರಶ್ನೆಗಳಲ್ಲಿ, ಪ್ರವಾಸದಲ್ಲಿರುವವನಿಗೆ ಮಿತ್ರನು ಯಾರೆಂಬುದೂ ಒಂದು. ಅದಕ್ಕೆ ಧರ್ಮರಾಜನು ಕೊಟ್ಟ ಉತ್ತರ, ಸಾರ್ಥ ಎಂದು. ಸಾರ್ಥವೆಂದರೆ ಒಟ್ಟಾಗಿ ದಾರಿ ನಡೆಯುವವರ ಗುಂಪು. ಅಡವಿಯ ದಾರಿಯಲ್ಲಿ ಒಂಟಿಯಾಗಿ ಹೋಗಲು ಅಂಜಿ ವರ್ತಕರೂ ಯಾತ್ರಿಕರೂ ಗುಂಪುಗೂಡಿ ಹೊರಡುತ್ತಿದ್ದ ಕಾಲದ ಮಾತದು. ಅದೇ ಉತ್ತರದಲ್ಲಿ ಮನೆಯಲ್ಲಿರುವವನಿಗೆ ಪತ್ನಿಯೂ, ರೋಗಿಗೆ ವೈದ್ಯನೂ, ಮರಣೋನ್ಮುಖನಿಗೆ ದಾನವೂ ಮಿತ್ರರೆಂದು ಹೇಳಿದೆ. ದಾರಿಯಲ್ಲಿ ಸಿಕ್ಕಿದ ಅಪರಿಚಿತನನ್ನು ಇಂಥವರ ಸಾಲಿನಲ್ಲಿ ಕುಳ್ಳಿರಿಸಿರುವುದು ಸಾಮಾನ್ಯವಲ್ಲ. ನಡೆದವರಿಗೆ ಮಾತ್ರ ಇದರ ಔಚಿತ್ಯ ತಿಳಿದೀತು.

ಅದೇ ಪರ್ವದಲ್ಲಿ ಪಾಂಡವರ ತೀರ್ಥಯಾತ್ರೆಯ ಪ್ರಸಂಗವಿದೆ. ದಾರಿತೋರುವವರಾಗಿ ಬಂದ ಲೋಮಶಮಹರ್ಷಿಗಳು ಮೊದಲು ಕೊಟ್ಟ ಸಲಹೆ, ಪರಿವಾರವನ್ನು ಹಗುರಗೊಳಿಸಿಕೊಳ್ಳಬೇಕೆಂದು. ಧರ್ಮರಾಜನು ಅದರಂತೆ ಹಸಿವು, ಬಾಯಾರಿಕೆ, ನಡಿಗೆಯ ಆಯಾಸ ಇವುಗಳನ್ನು ತಾಳಲಾರದವರನ್ನು ಹಿಂದಿರುಗಿಸಿದನು. ಆದರೆ ಹಾಗೆಯೇ ಕೈಬಿಟ್ಟು ಮುಂದೆ ನಡೆಯಲಿಲ್ಲ. ಧೃತರಾಷ್ಟ್ರನಲ್ಲಿಗೆ ಹೋಗಿರೆಂದೂ, ಅವನು ಜೀವನಕ್ಕೆ ಅನುಕೂಲ ಮಾಡಿಕೊಡದಿದ್ದರೆ ಪಾಂಚಾಲರಾಜನು ನೋಡಿಕೊಳ್ಳುವನೆಂದೂ ಏರ್ಪಾಡು ಹೇಳಿಯೇ ಕಳುಹಿಸಿದನು. ಹಿಂದೆ ಬಿಡುವುದಕ್ಕೂ ಒಂದು ಕ್ರಮವುಂಟೆಂದು ಇದರಿಂದ ತಿಳಿಯುತ್ತದೆ. ನಾನು ಈ ಪ್ರಸಂಗವನ್ನು ಬಾಲ್ಯದಲ್ಲಿಯೇ ಪುರಾಣದಲ್ಲಿ ಕೇಳಿದ್ದೆ. ಬೇಕಾದ ಸಮಯದಲ್ಲಿ ಅದು ನೆನಪಿಗೆ ಬರಲಿಲ್ಲವೆಂಬುದನ್ನು ಮುಂದೆ ಹೇಳುತ್ತೇನೆ.

ಇನ್ನು ಶ್ರೀಮದಾಚಾರ್ಯರ ಯಾತ್ರೆಗಳ ವಿಷಯ. ತ್ರಿವಿಕ್ರಮಪಂಡಿತಾಚಾರ್ಯರ ಪುತ್ರರಾದ ನಾರಾಯಣಪಂಡಿತಾಚಾರ್ಯರು ರಚಿಸಿದ ಸುಮಧ್ವವಿಜಯದ ಹದಿನಾರು ಸರ್ಗಗಳನ್ನು ನಮ್ಮ ಮನೆಗಳಲ್ಲಿ ಪಾರಾಯಣ ಮಾಡುವವರು ಅನೇಕರಿದ್ದಾರೆ. ಆ ಗ್ರಂಥವನ್ನು ಆಚಾರ್ಯರ ಜೊತೆಯಲ್ಲಿ ನಡೆದವರ ಕಡೆಗೆ ದೃಷ್ಟಿಯಿಟ್ಟು ಒಮ್ಮೆ ಓದಿನೋಡಬೇಕು. ದಕ್ಷಿಣದೇಶದ ಸಂಚಾರದಲ್ಲಿ ಗುರುಗಳಾದ ಅಚ್ಯುತಪ್ರೇಕ್ಷರೇ ಜೊತೆಗಿದ್ದರು. ಎರಡು ಬಾರಿಯ ಬದರೀಯಾತ್ರೆಗಳಲ್ಲಿ ಸತ್ಯತೀರ್ಥರ ಹೆಸರು ಬರುತ್ತದೆ. ಮೊದಲನೆಯ ಯಾತ್ರೆಯಲ್ಲಿ ಆಚಾರ್ಯರು ಬದರಿಯಲ್ಲಿ ನಲವತ್ತೆಂಟು ದಿನಗಳ ಉಪವಾಸವನ್ನೂ ಮೌನವನ್ನೂ ಆಚರಿಸಿ, ವೇದವ್ಯಾಸದೇವರ ದರ್ಶನಕ್ಕಾಗಿ ಉತ್ತರಬದರಿಗೆ ತಾವೊಬ್ಬರೇ ಹೊರಟರು. ತಾವು ಹೋಗುವ ವಿಷಯವನ್ನು ಬರೆದು ಶಿಷ್ಯರಿಗೆ ತಿಳಿಸಿದ್ದರು. ತಡೆಯಲಾರದೆ ಸತ್ಯತೀರ್ಥರು ಹಿಂದೆಯೇ ಹೊರಟರು. ಬಂಡೆಯಿಂದ ಬಂಡೆಗೆ ಹಾರುತ್ತ ಸಾಗುತ್ತಿದ್ದ ಆಚಾರ್ಯರನ್ನು ಹಿಂಬಾಲಿಸುವುದು ಅವರಿಂದಾಗಲಿಲ್ಲ. ಆಗ ಆಚಾರ್ಯರು ಹಿಂದಿರುಗಿ ನೋಡಿ ಕೈಯಿಂದ ಸನ್ನೆಮಾಡಿದರೆಂದೂ, ದೀರ್ಘವಾದ ಆ ದಾರಿಯನ್ನು ಸತ್ಯತೀರ್ಥರು ಅಲ್ಪಕಾಲದಲ್ಲಿಯೇ ಹಿಂದಕ್ಕೆ ಕ್ರಮಿಸಿ ಕ್ಷೇಮವಾಗಿ ಬಂದು ಸೇರಿದರೆಂದೂ ಕವಿಗಳು ವರ್ಣಿಸಿದ್ದಾರೆ. ಜಗದ್ಗುರುಗಳು ವ್ಯಾಸದರ್ಶನಕ್ಕೆ ಧಾವಿಸುತ್ತಿರುವಾಗಲೂ ಹಿಂದೆ ಬರುತ್ತಿದ್ದವನ ಕಡೆಗೆ ಒಮ್ಮೆ ತಿರುಗಿ ನೋಡಿದರು. ವ್ಯಾಖ್ಯಾನಕಾರರಿಗೆ ಇದರಲ್ಲಿ ಯೋಗಶಕ್ತಿಯ ಪ್ರಭಾವ ಕಂಡಿದ್ದರೆ ಕಾಣಲಿ. ನನ್ನ ಮನಸ್ಸು ಆ ತಿರುಗಿ ನೋಡಿದ ನೋಟದಲ್ಲಿಯೇ ನಿಂತುಬಿಡುತ್ತದೆ.

ಎರಡನೆಯ ಯಾತ್ರೆಯ ಪ್ರಸಂಗಗಳು ಹತ್ತನೆಯ ಸರ್ಗದಲ್ಲಿ ಬರುತ್ತವೆ. ದಾರಿಯಲ್ಲಿ ಕಳ್ಳರು ಎದುರಾದಾಗ, ಬಟ್ಟೆಯ ಗಂಟನ್ನು ಹಣದ ಗಂಟೆಂದು ಭ್ರಮಿಸಿ ಅವರು ತಮ್ಮತಮ್ಮಲ್ಲಿಯೇ ಹೊಡೆದಾಡುವಂತೆ ಆದದ್ದು ಒಂದು ಪ್ರಸಂಗ. ಇನ್ನೊಂದು ಕಡೆ ಉಪೇಂದ್ರತೀರ್ಥರನ್ನು ಮುಂದೆ ಮಾಡಿ ಅವರಿಂದಲೇ ಕಳ್ಳರನ್ನು ಓಡಿಸಿದರು. ಹಿಮಾಲಯದಲ್ಲಿ ಹುಲಿಯ ರೂಪದ ದೈತ್ಯನು ಸತ್ಯತೀರ್ಥರ ಮೇಲೆರಗಿದಾಗ ಆಚಾರ್ಯರು ಕೈಯಿಂದಲೇ ಅದನ್ನು ಹೊಡೆದು ನಿವಾರಿಸಿದರು. ಜೊತೆಯಲ್ಲಿ ಬಂದವನ ಹೊಣೆ ಮುಂದೆ ನಡೆಯುವವನದೆಂಬುದು ಈ ಎಲ್ಲ ಕಥೆಗಳ ಒಳಗೆ ಸೂಚಿತವಾಗಿದೆ. ಆಚಾರ್ಯರ ಅನಂತರ ಈ ದಾರಿಗಳನ್ನು ನಡೆದವರಲ್ಲಿ ಶ್ರೀವಾದಿರಾಜರು (1480-1600) ಪ್ರಸಿದ್ಧರು. ಅವರ ತೀರ್ಥಪ್ರಬಂಧವು ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂದು ನಾಲ್ಕು ಭಾಗವಾಗಿ ಭಾರತದ ಕ್ಷೇತ್ರಗಳನ್ನು ಸುತ್ತಿಬರುತ್ತದೆ. ಪಂಢರಪುರದ ಯಾತ್ರೆಯನ್ನು ಇಂದಿಗೂ ಲಕ್ಷಾಂತರ ಜನರು ಕಾಲ್ನಡೆಯಲ್ಲಿ ಮಾಡುತ್ತಾರೆ. ಆಳಂದಿಯಿಂದ ಜ್ಞಾನೇಶ್ವರರ ಪಾಲಖಿಯೂ ದೇಹುವಿನಿಂದ ತುಕಾರಾಮರ ಪಾಲಖಿಯೂ ಹೊರಟು ಆಷಾಢ ಶುಕ್ಲ ಏಕಾದಶಿಯ ವೇಳೆಗೆ ವಿಠಲನ ಸನ್ನಿಧಿಯನ್ನು ಸೇರುತ್ತವೆ. ಅಲ್ಲಿ ದಿಂಡಿಗಳಲ್ಲಿ ನಡೆಯುವವರು ಒಬ್ಬರನ್ನೊಬ್ಬರು ಮಾವುಲಿ, ಎಂದರೆ ತಾಯಿ, ಎಂದು ಕರೆದು ಪರಸ್ಪರ ಕಾಲಿಗೆರಗುವ ಪದ್ಧತಿಯಿದೆ. ಹಿರಿಯ ಕಿರಿಯ ಎಂಬ ಲೆಕ್ಕವಿಲ್ಲ.

ನಮ್ಮ ನಡಿಗೆ ಅಷ್ಟು ದೊಡ್ಡದೇನೂ ಅಲ್ಲ. ನಂಜನಗೂಡಿನಿಂದ ಬೇಗೂರು, ಗುಂಡ್ಲುಪೇಟೆ, ಹಂಗಳಗಳ ಮೇಲೆ ಬೆಟ್ಟದ ತುದಿಯವರೆಗೆ ಎರಡೂವರೆ ದಿನದ ದಾರಿ. ಗುರುವಾರ ಬೆಳಗ್ಗೆ ಕಪಿಲೆಯಲ್ಲಿ ಮಿಂದು, ರಾಯರ ಮಠದಲ್ಲಿ ಪ್ರತೀಕ ಸನ್ನಿಧಾನಕ್ಕೆ ನಮಸ್ಕಾರ ಮಾಡಿ ಹೊರಟರೆ ಶನಿವಾರ ಬೆಟ್ಟ ಹತ್ತಬಹುದು. ಶ್ರಾವಣ ಶನಿವಾರಗಳಲ್ಲಿ ಈ ಬೆಟ್ಟಕ್ಕೆ ಸುತ್ತಮುತ್ತಲ ಊರುಗಳ ಜನ ಬಹಳವಾಗಿ ಬರುತ್ತಾರೆ.

ಬೆಟ್ಟದ ವಿಷಯವನ್ನು ತಿಳಿಯದ ಕಿರಿಯರಿಗಾಗಿ ನಾಲ್ಕು ಮಾತು. ಇದು ಸಮುದ್ರಮಟ್ಟದಿಂದ 1454 ಮೀಟರ್ ಎತ್ತರದಲ್ಲಿದೆ. ವರ್ಷದ ಬಹುಭಾಗ ಮಂಜು ಕವಿದಿರುವುದರಿಂದಲೇ ಹಿಮವದ್ ಗೋಪಾಲಸ್ವಾಮಿ ಎಂಬ ಹೆಸರು. ದಕ್ಷಿಣ ಗೋವರ್ಧನವೆಂದೂ ಕರೆಯುವುದುಂಟು. ದೇವಾಲಯವು 1315ರಲ್ಲಿ, ಹೊಯ್ಸಳ ಮೂರನೆಯ ವೀರಬಲ್ಲಾಳನ ಆಳ್ವಿಕೆಯ ಕಾಲದಲ್ಲಿ ಆದುದೆಂದು ಹೇಳುತ್ತಾರೆ. ತೆರಕಣಾಂಬಿಯಿಂದ ಈ ಸೀಮೆಯನ್ನು ಆಳುತ್ತಿದ್ದ ಮಾಧವ ದಣ್ಣಾಯಕನ ಹೆಸರು ಇದರೊಡನೆ ಸೇರಿಕೊಂಡಿದೆ. ಆಚಾರ್ಯರು ಉಡುಪಿಯಲ್ಲಿ ಅದೃಶ್ಯರಾದುದು 1317ರಲ್ಲಿ. ಎಂದರೆ ಉಡುಪಿಯಲ್ಲಿ ಕೃಷ್ಣನಿಗೆ ಪೂಜೆ ನಡೆಸುತ್ತ ಆಚಾರ್ಯರು ಇನ್ನೂ ಇದ್ದಾಗಲೇ ಘಟ್ಟದ ಈಚೆಯ ಈ ಕಾಡುಬೆಟ್ಟದಲ್ಲಿಯೂ ಕೃಷ್ಣನಿಗೆ ಮನೆಯಾಯಿತು. ಇವೆರಡಕ್ಕೂ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ; ಆದರೂ ನೆನೆದರೆ ಸಂತೋಷವಾಗುತ್ತದೆ. ಗರ್ಭಗುಡಿಯಲ್ಲಿ ಸ್ವಾಮಿಯು ಮರದ ಕೆಳಗೆ ಕೊಳಲು ಹಿಡಿದು ನಿಂತಿದ್ದಾನೆ. ಒಂಟಿಯಾಗಿ ಅಲ್ಲ, ಗೋವುಗಳೂ ಗೋಪಾಲಕರೂ ಸುತ್ತ ಇದ್ದಾರೆ. ಗರ್ಭಗುಡಿಯ ದ್ವಾರದ ಮೇಲ್ಭಾಗದಲ್ಲಿ ಜಿನುಗುವ ತಣ್ಣನೆಯ ನೀರನ್ನು ಅರ್ಚಕರು ಭಕ್ತರಿಗೆ ಪ್ರೋಕ್ಷಿಸುತ್ತಾರೆ. ಬೆಟ್ಟದಲ್ಲಿ ಹಂಸತೀರ್ಥವೇ ಮೊದಲಾದ ಕೊಳಗಳಿವೆ; ಆ ತೀರ್ಥದಲ್ಲಿ ಮಿಂದ ಕಾಗೆಗಳು ಹಂಸಗಳಾದವೆಂದೂ, ಅಂದಿನಿಂದ ಬೆಟ್ಟದಲ್ಲಿ ಕಾಗೆ ಕಾಣುವುದಿಲ್ಲವೆಂದೂ ಐತಿಹ್ಯವಿದೆ. ಮೈಸೂರು ಅರಸರು 1941ರಲ್ಲಿ ಇಲ್ಲಿಯ ಕಾಡನ್ನು ವಿಸ್ತರಿಸಿ ಸಂರಕ್ಷಿಸಿದಾಗ ಸ್ವಾಮಿಯ ಹೆಸರಿನಿಂದಲೇ ವೇಣುಗೋಪಾಲ ವನ್ಯಮೃಗಧಾಮವೆಂದು ಕರೆದರು. 1973ರಲ್ಲಿ ಬಂಡೀಪುರವು ಹುಲಿಯೋಜನೆಗೆ ಸೇರಿತು. ಈಗ ಖಾಸಗಿ ವಾಹನಗಳನ್ನು ಬುಡದಲ್ಲಿಯೇ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಮೇಲೆ ಹೋಗಿ, ಸಂಜೆಯಾಗುವುದರೊಳಗೆ ಇಳಿದುಬಿಡಬೇಕು. ಕಾಡಿನ ಹಿತಕ್ಕೆ ಇದು ಯುಕ್ತವೇ.

ನಾನು ಮೊದಲು ನಡೆದದ್ದು 1976ರ ಶ್ರಾವಣದ ಮೂರನೆಯ ಶನಿವಾರಕ್ಕೆ. ಆಗ ಈ ಸೀಮೆಯೆಲ್ಲ ಮೈಸೂರು ಜಿಲ್ಲೆಗೇ ಸೇರಿತ್ತು. ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ. ನನಗೆ ಇಪ್ಪತ್ತಾರು ವಯಸ್ಸು. ಯಾರೂ ಜೊತೆಯಿಲ್ಲದೆ ಹೊರಟವನಿಗೆ ನಂಜನಗೂಡು ದಾಟಿ ಗಾವುದ ಹೋಗುವುದರೊಳಗಾಗಿ ಮೂವರು ಜೊತೆಯಾದರು.

ಮೊದಲನೆಯವರು ನಮ್ಮವರೇ ಆದ ಒಬ್ಬ ವೃದ್ಧೆ. ಅರುವತ್ತೈದು ದಾಟಿದ್ದ ಮಡಿ ಹೆಂಗಸು. ಕೈಯಲ್ಲಿ ಹಿತ್ತಾಳೆಯ ಚೊಂಬು, ಹೆಗಲಲ್ಲಿ ಒಂದು ಚೀಲ. ಅದರಲ್ಲಿ ಗೋಪೀಚಂದನದ ತುಂಡು, ಒಂದು ಸೀರೆ, ಅವಲಕ್ಕಿ, ಮತ್ತು ಅಂಚು ಸವೆದ ಕೈಬರಹದ ಹಾಡಿನ ಪುಸ್ತಕ. ಅದನ್ನು ಅವರು ತೆರೆದದ್ದನ್ನು ನಾನು ನೋಡಲಿಲ್ಲ. ಎಲ್ಲವೂ ಬಾಯಿಗೆ ಬರುತ್ತಿತ್ತು. ದಾರಿಯ ದೂರವನ್ನು ಅವರು ಕಿಲೋಮೀಟರುಗಳಲ್ಲಿ ಎಣಿಸುತ್ತಿರಲಿಲ್ಲ. “ಆ ಸೇತುವೆಯ ತನಕ ಒಂದು ಲಕ್ಷ್ಮೀಶೋಭಾನೆ ಆಗತ್ತೆ, ನೋಡು ಮಗು” ಎನ್ನುವರು. ವಾದಿರಾಜರ ಆ ಹಾಡನ್ನು ಮದುವೆಮನೆಗಳಲ್ಲಿ ಕೇಳಿದ್ದೆನೇ ಹೊರತು, ಅದರಿಂದ ಊಟಿ ರಸ್ತೆಯನ್ನು ಅಳೆಯಬಹುದೆಂದು ಅರಿತಿರಲಿಲ್ಲ. ಅವರ ಅಳತೆ ತಪ್ಪುತ್ತಲೂ ಇರಲಿಲ್ಲ.

ಎರಡನೆಯವರು ನಿವೃತ್ತರಾದ ಪ್ರಾಥಮಿಕ ಶಾಲೆಯ ಉಪಾಧ್ಯಾಯರು. ಪ್ರತಿಯೊಂದು ಊರು ಬಂದಾಗಲೂ ಅದರ ಚರಿತ್ರೆ ಹೇಳದೆ ಬಿಡುತ್ತಿರಲಿಲ್ಲ. ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ಸದ್ಗತಿಗಾಗಿ ಕಟ್ಟಿಸಿದ ಪರವಾಸುದೇವ ದೇವಾಲಯವನ್ನು ತೋರಿಸಿದವರು ಅವರೇ. ಹಂಗಳದ ಕಥೆಯನ್ನೂ ಅವರಿಂದಲೇ ಕೇಳಿದೆ. ಚಿಕ್ಕದೇವರಾಜರು ಅರಸರಾಗುವುದಕ್ಕೆ ಮೊದಲು ಹಲವು ವರ್ಷ ಆ ಹಂಗಳದಲ್ಲಿ ನಿರ್ಬಂಧದಂತೆಯೇ ಇರಬೇಕಾಗಿತ್ತು. ಆಗ ಅವರಿಗೆ ಸಂಗಾತಿಯಾಗಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. ಮುಂದೆ ನೀವು ರಾಜರಾಗುವಿರೆಂದು ಅವನು ಹೇಳುತ್ತಿದ್ದನಂತೆ. ಹಾಗಾದರೆ ನೀನೇ ಮಂತ್ರಿಯೆಂದು ಇವರು ಮಾತು ಕೊಟ್ಟಿದ್ದರಂತೆ. 1673ರಲ್ಲಿ ಪಟ್ಟವೇರಿದೊಡನೆ ಆ ಮಾತನ್ನು ನಡೆಸಿಕೊಟ್ಟರು. “ಕಷ್ಟದಲ್ಲಿ ಜೊತೆಗಿದ್ದವನನ್ನು ಸುಖ ಬಂದಾಗ ಮರೆಯದ ಅರಸು, ಅಪರೂಪ ಅಲ್ಲವೇ?” ಎಂದು ಉಪಾಧ್ಯಾಯರು ಮಕ್ಕಳನ್ನು ಕೇಳುವಂತೆ ನಮ್ಮನ್ನು ಕೇಳಿದರು. ನಾವು ಮಕ್ಕಳಂತೆಯೇ ಹೌದೆಂದೆವು.

ಮೂರನೆಯವರ ವಿಷಯವೇ ನಾನು ಮುಖ್ಯವಾಗಿ ಹೇಳಬೇಕಾದದ್ದು. ಬೇಗೂರಿನ ಕಡೆಯ ಒಬ್ಬ ಒಕ್ಕಲಿಗ ಯಜಮಾನರು, ಅರುವತ್ತರ ಹತ್ತಿರ. ದಾರಿ ನಡೆಯುವವರು ಒಬ್ಬರನ್ನೊಬ್ಬರು ಊರು ಕೇಳುತ್ತಾರೆಯೇ ಹೊರತು ಹೆಸರು ಕೇಳುವ ವಾಡಿಕೆಯಿಲ್ಲ. ನಾನು ಅವರನ್ನು ಯಜಮಾನರೆ ಎಂದೆ, ಅವರು ನನ್ನನ್ನು ಬುದ್ಧಿ ಎಂದರು, ಅಷ್ಟರಲ್ಲಿಯೇ ಎಲ್ಲ ನಡೆಯಿತು. ಅವರ ಜೋಡೆತ್ತುಗಳಲ್ಲಿ ಒಂದು ಆರಂಭದ ಕಾಲದಲ್ಲಿಯೇ ಕಾಯಿಲೆ ಬಿದ್ದಿತ್ತು. ಗೋಪಾಲಸ್ವಾಮಿಗೆ ಹರಕೆ ಹೊತ್ತು, ಐದೂಕಾಲು ರೂಪಾಯಿಯನ್ನು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಕೊಂಡು ಬರುತ್ತಿದ್ದರು.

ಮೊದಲನೆಯ ಮಧ್ಯಾಹ್ನವೇ ಒಂದು ವಿನೋದವಾಯಿತು. ಹುಣಿಸೆಮರದ ನೆರಳಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿದೆವು. ಅಜ್ಜಿ ಪರರು ಬೇಯಿಸಿದ್ದನ್ನು ಮುಟ್ಟುವವರಲ್ಲವೆಂದು ಯಜಮಾನರಿಗೆ ಗೊತ್ತಿತ್ತು. ಆದುದರಿಂದ ತಮ್ಮ ಬುತ್ತಿಯನ್ನು ಪಕ್ಕಕ್ಕಿಟ್ಟು, ಬೇರೆ ಕುಡಿಕೆಯಲ್ಲಿ ತಂದಿದ್ದ ಗಟ್ಟಿಮೊಸರನ್ನು ಮುಂದಿಟ್ಟು, “ಗೋರಸಕ್ಕೆ ದೋಸ ಇಲ್ಲ, ತಗಳಿ ತಾಯಿ” ಎಂದರು. ಅಜ್ಜಿ ಸಂಕೋಚಪಟ್ಟು, “ದ್ವಾದಶಿ ಆಯಿತಲ್ಲಪ್ಪ, ದಧಿವ್ರತ ಹಿಡಿದಿದ್ದೀನಿ. ಮೊಸರು ಆಗೋದಿಲ್ಲ” ಎಂದರು. ವಾಚಕರಿಗೆ ತಿಳಿದೇ ಇದೆ: ಚಾತುರ್ಮಾಸ್ಯದಲ್ಲಿ ಶ್ರಾವಣ ಶುಕ್ಲ ದ್ವಾದಶಿಗೆ ಶಾಕವ್ರತ ಮುಗಿದು ದಧಿವ್ರತ ಆರಂಭವಾಗುತ್ತದೆ, ಮೂರನೆಯ ಶನಿವಾರ ಎಂದಿಗೂ ದಧಿವ್ರತದೊಳಗೇ ಬೀಳುವುದು. ಯಜಮಾನರಿಗೆ ಇದು ಹೊಸ ಸಂಗತಿ. “ಗೋಪಾಲಸ್ವಾಮಿ ತಾವ್ಕೆ ಹೋಗೋರು ಮೊಸರು ಬ್ಯಾಡ ಅಂದ್ರೆ ಆ ಸ್ವಾಮಿ ನಗಾಕಿಲ್ವಾ ತಾಯಿ?” ಎಂದರು. ಅಜ್ಜಿಯೂ ನಕ್ಕುಬಿಟ್ಟು, “ಅವನಿಗೋಸ್ಕರವೇ ಬಿಟ್ಟಿರೋದು. ನನ್ನ ಪಾಲನ್ನೂ ಅವನೇ ತಿನ್ನಲಿ” ಎಂದರು. ಯಜಮಾನರು ಸ್ವಲ್ಪ ಯೋಚಿಸಿ, ಹಾಲಿನ ಗತಿಯೇನೆಂದು ಕೇಳಿದರು. ಕ್ಷೀರವ್ರತ ಮುಂದಿನ ತಿಂಗಳು, ಈಗ ಹಾಲಿಗೆ ಅಡ್ಡಿಯಿಲ್ಲವೆಂದು ತಿಳಿದ ಮೇಲೆ, ಮಾರನೆಯ ಬೆಳಗ್ಗೆ ನಾವು ಏಳುವುದರೊಳಗೆ ಯಾರದೋ ಹಟ್ಟಿಗೆ ಹೋಗಿ, ಅಜ್ಜಿಯ ಚೊಂಬಿನಲ್ಲಿಯೇ ಹಾಲು ಕರೆಸಿಕೊಂಡು ಬಂದಿದ್ದರು. ಅಜ್ಜಿ ಚೊಂಬನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಚಾರವಂತರ ಸಹವಾಸ ಕಷ್ಟವೆಂದು ಹೊರಗಿನವರು ಹೇಳುವುದುಂಟು. ಆಚಾರದ ಮರ್ಯಾದೆಯನ್ನು ಉಳಿಸುತ್ತಲೇ ಪ್ರೀತಿಗೆ ದಾರಿ ಹುಡುಕಿದವರು ಅಂದು ಆ ಒಕ್ಕಲಿಗರು.

ಶುಕ್ರವಾರ ಸಂಜೆ ಗುಂಡ್ಲುಪೇಟೆ ಸೇರುವ ಹೊತ್ತಿಗೆ ಯಜಮಾನರ ಪಾದಕ್ಕೆ ಜಾಲಿಮುಳ್ಳು ನೆಟ್ಟು ಊದಿಕೊಂಡಿತ್ತು. ಶನಿವಾರ ಬೆಳಗಿನ ಜಾವ ಅಜ್ಜಿಯೂ ಉಪಾಧ್ಯಾಯರೂ ಒಂದು ಎತ್ತಿನಗಾಡಿಯಲ್ಲಿ ಮುಂದೆ ಹೋದರು. ಗಾಡಿಯಲ್ಲಿ ಸ್ಥಳವಿದ್ದರೂ, ನಡೆದೇ ಬರುತ್ತೇನೆಂದು ಹರಕೆಯೆಂದು ಹೇಳಿ ಯಜಮಾನರು ಹತ್ತಲಿಲ್ಲ. ನಾನು ಅವರ ಜೊತೆ ನಡೆದೆ. ಹಂಗಳದವರೆಗೆ ಬರುವುದರಲ್ಲಿ ಹೊತ್ತು ಬಹಳ ಏರಿಬಿಟ್ಟಿತು. ಊರಾಚೆಯ ಒಂದು ಮರದ ಕೆಳಗೆ ಅವರು ಕುಳಿತುಬಿಟ್ಟರು. ಮಹಾಮಂಗಳಾರತಿಯ ವೇಳೆ ತಪ್ಪೀತೆಂಬ ಆತುರ ನನಗೆ. ಅದನ್ನು ಅವರೇ ನನ್ನ ಮುಖದಲ್ಲಿ ಓದಿಕೊಂಡು, ಸೊಂಟದಿಂದ ಮುಡಿಪನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟು, “ನೀವು ಹೋಗಿ ಬನ್ನಿ ಬುದ್ಧಿ. ಇದ ಹುಂಡಿಗೆ ಹಾಕಿ, ನನ್ನ ಪಾಲಿಂದೂ ಕೈಮುಗೀರಿ. ಬರೋವಾಗ ಪ್ರಸಾದ ತನ್ನಿ, ಇಲ್ಲೇ ಕುಂತಿರ್ತೀನಿ” ಎಂದರು. ನಾನು ಒಪ್ಪಿ, ಒಮ್ಮೆಯೂ ಹಿಂದಿರುಗಿ ನೋಡದೆ ನಡೆದೆ.

ದರ್ಶನ ಚೆನ್ನಾಗಿ ಆಯಿತು. ಮಂಜಿನೊಳಗೆ ಗೋಪುರ ಕಂಡೂ ಕಾಣದಂತಿತ್ತು. ಮುಡಿಪನ್ನು ಹುಂಡಿಗೆ ಹಾಕಿದೆ, ಪ್ರಸಾದವನ್ನು ಎರಡು ಪೊಟ್ಟಣವಾಗಿ ಕಟ್ಟಿಸಿಕೊಂಡೆ. ಇಳಿಯುವಾಗ ಸೋನೆಮಳೆ ಹಿಡಿಯಿತು. ಪರಿಚಿತರೊಬ್ಬರ ಜೀಪು ನೇರವಾಗಿ ಮೈಸೂರಿಗೆ ಹೊರಟಿತ್ತು, ಹತ್ತಿಬಿಟ್ಟೆ. ಪಕ್ಕದ ಪರದೆಗಳನ್ನು ಇಳಿಬಿಟ್ಟಿದ್ದರು. ಹಂಗಳ ಯಾವಾಗ ಬಂತು, ಯಾವಾಗ ಹೋಯಿತು ತಿಳಿಯಲಿಲ್ಲವೆಂದು ಮನೆಯಲ್ಲಿ ಹೇಳಿಕೊಂಡೆ. ಅದು ಪೂರ್ಣ ಸತ್ಯವಲ್ಲ. ಇಷ್ಟು ಮಳೆಯಲ್ಲಿ ಅವರು ಊರಿಗೆ ಹೋಗಿರುತ್ತಾರೆ, ಜೀಪು ನಿಲ್ಲಿಸಿರೆಂದು ಇನ್ನೊಬ್ಬರಿಗೆ ಹೇಳುವುದು ಹೇಗೆ, ಎಂದು ನಾನೇ ಮನಸ್ಸಿಗೆ ಸಮಾಧಾನ ಹೇಳಿಕೊಂಡದ್ದೂ ಉಂಟು. ರಾತ್ರಿ ನಮ್ಮ ತಾಯಿ ಚೀಲವನ್ನು ಬಿಚ್ಚಿ, “ಇನ್ನೊಂದು ಪೊಟ್ಟಣ ಯಾರದ್ದೋ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುವರ್ಷ ಅದೇ ಶನಿವಾರಕ್ಕೆ ಮತ್ತೆ ನಡೆದೆ. ದಾರಿಯುದ್ದಕ್ಕೂ ನೋಡಿದೆ, ಅವರು ಇರಲಿಲ್ಲ. ಹಂಗಳದಲ್ಲಿ ಮರದ ಎದುರಿನ ಟೀ ಅಂಗಡಿಯವನನ್ನು ಕೇಳಿದೆ. “ಕಾಲು ಊದಿದ್ದ ಯಜಮಾನ್ರಾ? ಕತ್ತಲಾಗೋಗಂಟ ಕುಂತಿದ್ರು. ಮಳೇಲೂ ಒಳಕ್ಕೆ ಬರ್ಲಿಲ್ಲ. ಬಸ್ಸು ಬಂದಾಗೆಲ್ಲ ಎದ್ದು ನೋಡೋರು. ಅಯ್ನೋರು ಪ್ರಸಾದ ತತ್ತಾರೆ, ನಾನು ಕಾಣ್ದಿದ್ರೆ ಪಾಪ ಹುಡುಕ್ತಾರೆ ಅಂತಿದ್ರು” ಎಂದನು. ಆ ವರ್ಷ ಬೆಟ್ಟದ ಮೇಲೆ ನಾನು ಏನನ್ನು ಬೇಡಿಕೊಂಡೆನೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಭಾಗವತದ ದಶಮಸ್ಕಂಧದಲ್ಲಿ ಬರುವ ಯಮುನಾತೀರದ ವನಭೋಜನದ ಪ್ರಸಂಗವನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಗೋಪಬಾಲಕರು ತಾವರೆಯ ದಳಗಳಂತೆ ಸುತ್ತ ಕುಳಿತಿದ್ದಾರೆ. ನಡುವೆ ಕೃಷ್ಣ, ಎಡಗೈಯಲ್ಲಿ ಮೊಸರನ್ನದ ತುತ್ತು. ಅಷ್ಟರಲ್ಲಿ ಕರುಗಳು ಹುಲ್ಲಿನಾಸೆಯಿಂದ ದೂರ ಹೋಗಿ ಕಾಣದಾದವು. ಹುಡುಗರು ಗಾಬರಿಯಾದಾಗ ಕೃಷ್ಣನು, ನೀವು ಊಟ ನಿಲ್ಲಿಸಬೇಡಿ, ನಾನು ಕರೆತರುತ್ತೇನೆಂದು ಹೇಳಿ, ಕೈಯ ತುತ್ತನ್ನು ಕೈಯಲ್ಲಿಯೇ ಹಿಡಿದು ಎದ್ದು ಹೊರಟನು. ಬ್ರಹ್ಮನು ಕರುಗಳನ್ನೂ ಹುಡುಗರನ್ನೂ ಮರೆಮಾಡಿದ ಕಥೆ ಮುಂದಿನದು. ಒಂದು ವರ್ಷ ಕಳೆದು ಕೃಷ್ಣನು ಹಿಂದಿರುಗಿದಾಗ, ಅರೆಕ್ಷಣವೇ ಕಳೆದಿದೆಯೆಂದು ಭಾವಿಸಿದ ಗೆಳೆಯರು, ನೀನಿಲ್ಲದೆ ಒಂದು ತುತ್ತನ್ನೂ ನಾವು ತಿಂದಿಲ್ಲ, ಬಾ, ಎಂದು ಕರೆಯುತ್ತಾರೆ. ಪ್ರವಚನಗಳಲ್ಲಿ ಬ್ರಹ್ಮಮೋಹನದ ತತ್ತ್ವಾರ್ಥವನ್ನು ವಿಸ್ತರಿಸುವುದು ರೂಢಿ, ಅದು ಯುಕ್ತವೇ. ಆದರೆ ತಪ್ಪಿಹೋದ ಕರುವಿಗಾಗಿ ಊಟದ ನಡುವೆ ಎದ್ದ ಸ್ವಾಮಿ, ಬಾರದ ಗೆಳೆಯನಿಗಾಗಿ ತುತ್ತನ್ನು ಎತ್ತದ ಹುಡುಗರು, ಈ ಎರಡು ಚಿತ್ರಗಳು ಹಂಗಳದ ಅಂಗಡಿಯವನ ಮಾತು ಕೇಳಿದ ಮೇಲೆ ನನಗೆ ಬೇರೆಯಾಗಿಯೇ ಕಾಣತೊಡಗಿದವು. ಆ ಬೆಟ್ಟದ ಗರ್ಭಗುಡಿಯಲ್ಲಿರುವವನು ಆ ಸ್ವಾಮಿಯೇ ಅಲ್ಲವೇ?

ಮಂತ್ರಾಲಯಕ್ಕೋ ತಿರುಪತಿಗೋ ನಡೆದು ಹೋಗುವ ಕಿರಿಯರು ಈಗ ನಮ್ಮ ಕುಟುಂಬಗಳಲ್ಲಿ ಸಾಕಷ್ಟು ಮಂದಿಯಿದ್ದಾರೆ. ಅವರಿಗೆ ಅನುಭವದಿಂದ ಹೇಳುವ ಒಂದೆರಡು ಸೂಚನೆಗಳಿವೆ. ಗುಂಪಿನಲ್ಲಿ ಎಲ್ಲಕ್ಕಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಡುವುದು ಒಳ್ಳೆಯದು; ಅವರ ಹೆಜ್ಜೆಗೆ ಉಳಿದವರು ಹೊಂದಿಕೊಂಡರೆ ಯಾರೂ ಹಿಂದೆ ಬೀಳುವುದಿಲ್ಲ. ಏಕಾದಶಿ ನಡುವೆ ಬಂದರೆ ಆ ದಿನದ ದಾರಿಯನ್ನು ಅರ್ಧಕ್ಕಿಳಿಸಿ, ದ್ವಾದಶಿಯ ಪಾರಣೆಗೆ ನೀರಿರುವ ಸ್ಥಳವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಪರರಿಂದ ಹರಕೆ, ಮುಡಿಪು, ಪ್ರಸಾದದ ಮಾತು ಹೊತ್ತುಕೊಂಡರೆ ಅವರ ಊರನ್ನು ಕೇಳಿ ಬರೆದುಕೊಳ್ಳಬೇಕು. ಈಗ ಎಲ್ಲರ ಕೈಯಲ್ಲಿಯೂ ದೂರವಾಣಿ ಇರುವುದರಿಂದ ಇದು ಸುಲಭ. ನನಗೆ ಅಂದು ಒಂದು ಪೆನ್ಸಿಲ್ಲು ಸಾಕಾಗುತ್ತಿತ್ತು.

1978ರಲ್ಲಿ ಮೂರನೆಯ ಬಾರಿ ಹೊರಟಾಗ ಬೇಗೂರು ದಾಟುತ್ತಿದ್ದಂತೆ ಜೋಳದ ಹೊಲದ ಬದುವಿನಿಂದ ಯಾರೋ ರಸ್ತೆಗೆ ಇಳಿದು ಬಂದರು. ಕೈಯಲ್ಲಿ ಊರುಗೋಲು. ನಾನು ಗುರುತು ಹಿಡಿಯುವುದಕ್ಕೆ ಮೊದಲೇ, “ಏನ್ ಬುದ್ಧಿ, ಪ್ರಸಾದ ಎಲ್ಲಿ?” ಎಂದರು. ನಗುತ್ತಿದ್ದರು. ನಾನು ರಸ್ತೆಯ ಮಧ್ಯದಲ್ಲಿಯೇ ಬಗ್ಗಿ ಅವರ ಪಾದ ಮುಟ್ಟಿದೆ. ಅವರು ಹಿಂದಕ್ಕೆ ಸರಿದು, “ಅಯ್ಯೋ, ಬುಡ್ತು ಅನ್ನಿ” ಎಂದು ನನ್ನನ್ನೆತ್ತಿ ನಿಲ್ಲಿಸಿದರು. ನಡೆದದ್ದನ್ನು ಮುಚ್ಚಿಡದೆ ಹೇಳಿದೆ, ಜೀಪಿನ ವಿಷಯವನ್ನೂ. ಅವರು ಸ್ವಲ್ಪ ದೂರ ಸುಮ್ಮನೆ ನಡೆದು, “ಮುಡಿಪು ತಲುಪ್ತು ಬುದ್ಧಿ. ದೀಪಾವಳಿಗೆಲ್ಲ ಎತ್ತು ಎದ್ದು ನಿಂತ್ಕತು” ಎಂದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಆ ಸಲ ಗುಂಡ್ಲುಪೇಟೆಯಿಂದ ಇಬ್ಬರೂ ನಡುರಾತ್ರಿಯೇ ಎದ್ದು ಹೊರಟೆವು. ಹಂಗಳದ ಮರದ ಕೆಳಗೆ ಕೂತೆವು, ಬೆಟ್ಟದ ಪ್ರತಿಯೊಂದು ತಿರುವಿನಲ್ಲಿಯೂ ಕೂತೆವು. ಮೇಲೆ ತಲುಪುವ ಹೊತ್ತಿಗೆ ಮಂಗಳಾರತಿ ಮುಗಿದು ಬಾಗಿಲು ಹಾಕಿದ್ದರು. ಮತ್ತೆ ತೆರೆಯುವವರೆಗೆ ಪ್ರಾಕಾರದ ಹೊರಗೆ ಒಂದು ಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ನನ್ನದು ಹುಳಿಯನ್ನ, ಅವರದು ಮೊಸರನ್ನ. “ಈ ಸಲಾನೂ ಮೊಸರು ಆಗಾಕಿಲ್ವಾ?” ಎಂದು ಕೇಳಿ, ಅಜ್ಜಿಯನ್ನು ನೆನೆದು ನಕ್ಕರು. ಅಷ್ಟರಲ್ಲಿ ಕೆಳಗಿನ ಕಣಿವೆಯಿಂದ ಮಂಜು ಎದ್ದುಬಂತು. ದೇವಾಲಯ ಮರೆಯಾಯಿತು, ಬಂಡೆಯ ಅಂಚು ಮರೆಯಾಯಿತು, ಮೊಳದ ದೂರದಲ್ಲಿ ಕುಳಿತಿದ್ದ ಅವರೂ ಕಾಣದಾದರು. ಊಟದ ನಡುನಡುವೆ ಮಂಜಿನೊಳಗಿಂದ ಅವರ ದನಿ ಬರುತ್ತಿತ್ತು.

“ಇದ್ದೀರಾ ಬುದ್ಧಿ?”

“ಇದ್ದೇನೆ ಯಜಮಾನರೆ.”

॥ ಶ್ರೀಕೃಷ್ಣಾರ್ಪಣಮಸ್ತು ॥